ನೆಕ್ಸಾನ್ ಇವಿ: ಐದು ವರ್ಷಗಳ ಬಳಕೆ ಮತ್ತು ಬ್ಯಾಟರಿಯ ಲೆಕ್ಕ

2021ರಲ್ಲಿ ಕೊಂಡ ನನ್ನ ವಿದ್ಯುತ್ ಕಾರು ಟಾಟಾ ನೆಕ್ಸಾನ್ ಇವಿ ಈಗ ಎಪ್ಪತ್ತು ಸಾವಿರ ಕಿ.ಮೀ. ದಾಟಿದೆ. ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ನಿತ್ಯದ ಓಡಾಟ, ಆಗಾಗ ಮೈಸೂರು: ಇಷ್ಟೇ ಇದರ ದುಡಿಮೆ. ಓಡಿಸುವ ಸುಖದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕ್ಲಚ್ಚಿಲ್ಲದ, ಸದ್ದಿಲ್ಲದ ಕಾರಿನಲ್ಲಿ ಕುಳಿತವರಿಗೆ ಅದು ತಾನಾಗಿ ತಿಳಿಯುತ್ತದೆ. ಈ ಕಾರು ಹಣಕ್ಕೆ ತಕ್ಕದ್ದೇ ಎಂಬ ಪ್ರಶ್ನೆಯನ್ನು ಮಾತ್ರ ಇಲ್ಲಿ ವಿವರವಾಗಿ ನೋಡುತ್ತೇನೆ. ಅದರ ಉತ್ತರ ಎರಡು ಸಂಗತಿಗಳ ಮೇಲೆ ನಿಂತಿದೆ: ಚಾರ್ಜರ್ ಯಾವ ಮೀಟರಿಗೆ ಸೇರಿದೆ, ಬ್ಯಾಟರಿ ಹಳೆಯದಾದಾಗ ಅದರ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ.

ಕೊಳ್ಳುವಾಗ ಸರಕಾರವೇ ಅರ್ಧ ಭಾರ ಹೊತ್ತಿತ್ತು. ವಿದ್ಯುತ್ ವಾಹನಗಳ ಜಿಎಸ್‌ಟಿ 2019ರ ಆಗಸ್ಟ್‌ನಿಂದ ಶೇ. 5ಕ್ಕೆ ಇಳಿದಿತ್ತು. 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಬೆಲೆಯ ಶೇ. 17ರಷ್ಟು ಆಜೀವ ತೆರಿಗೆ ಕಟ್ಟಬೇಕಿದ್ದಾಗ ನನಗೆ ಅದು ಪೂರ್ತಿ ಮಾಫಿಯಾಗಿತ್ತು. ಸಾಲದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇಇಬಿ ಸೆಕ್ಷನ್ ಅಡಿ ವರ್ಷಕ್ಕೆ 1.5 ಲಕ್ಷದವರೆಗೆ ವಿನಾಯಿತಿಯಿತ್ತು. ಈಗ ಕೊಳ್ಳುವವರು ನನ್ನ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಬಡ್ಡಿಯ ವಿನಾಯಿತಿ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗಷ್ಟೇ ಸೀಮಿತವಾಯಿತು. 2024ರಲ್ಲಿ ರಾಜ್ಯವು 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ. 10ರ ತೆರಿಗೆ ವಿಧಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದು ಎರಡರ ನಡುವಿನ ಅಂತರ ಕಿರಿದಾಯಿತು.

ವಿದ್ಯುತ್ತಿನ ಖರ್ಚು ಎಂದೊಡನೆ ಎಲ್ಲರೂ "ಕಿಲೋಮೀಟರಿಗೆ ಒಂದು ರೂಪಾಯಿ" ಎನ್ನುತ್ತಾರೆ. ಗೋಡೆಯ ಸಾಕೆಟ್ಟಿನಿಂದ ಎಳೆದ ಒಂದು ಯೂನಿಟ್ಟಿಗೆ ನಗರದಲ್ಲಿ ಆರು ಕಿ.ಮೀ. ಸಿಗುವುದರಿಂದ, ಯೂನಿಟ್ಟಿಗೆ ಸುಮಾರು ಆರು ರೂಪಾಯಿಯ ಗೃಹಬಳಕೆಯ ದರದಲ್ಲಿ ಆ ಮಾತು ಸರಿಯೇ. ಆದರೆ ತಿಂಗಳಿಗೆ 1,200 ಕಿ.ಮೀ. ಓಡಿಸಿದರೆ ಕಾರೊಂದೇ 200 ಯೂನಿಟ್ ನುಂಗುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಮನೆಯ ಸ್ವಂತ ಬಳಕೆ 120 ಯೂನಿಟ್ ಇದ್ದು ಅದುವರೆಗೆ ಸೊನ್ನೆ ಬಿಲ್ ಬರುತ್ತಿದ್ದ ಕುಟುಂಬಕ್ಕೆ, ಕಾರು ಬಂದ ಮೇಲೆ ಆ 120 ಯೂನಿಟ್ಟಿಗೇ ನಿಗದಿತ ಶುಲ್ಕವೂ ಸೇರಿ ಸಾವಿರ ರೂಪಾಯಿಗೂ ಹೆಚ್ಚು ಹಣ ಹೊಸದಾಗಿ ಕೈಯಿಂದ ಹೋಗುತ್ತದೆ. ಅದನ್ನೂ ಕಾರಿನ ಖಾತೆಗೇ ಬರೆದರೆ ಕಿಲೋಮೀಟರಿನ ಖರ್ಚು ಎರಡು ರೂಪಾಯಿಯ ಹತ್ತಿರ ಬರುತ್ತದೆ. ಷೋರೂಮಿನಲ್ಲಿ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಬೆಸ್ಕಾಂನಿಂದ ಇವಿಗೆಂದೇ ಪ್ರತ್ಯೇಕ ಸಂಪರ್ಕ ಪಡೆಯುವುದು ಇದಕ್ಕಿರುವ ಪರಿಹಾರ.

ಅಪಾರ್ಟ್‌ಮೆಂಟ್‌ಗಳಲ್ಲಿ ಅದಕ್ಕೆ ಮೊದಲು ಸಂಘದ ಒಪ್ಪಿಗೆ ಬೇಕು. ನಮ್ಮಲ್ಲಿ ಕೇಬಲ್ ನೆಲಮಾಳಿಗೆಯ ಯಾವ ಗೋಡೆಯ ಮೇಲೆ ಹಾದುಹೋಗಬೇಕೆಂಬುದೇ ತಿಂಗಳುಗಟ್ಟಲೆ ಚರ್ಚೆಯಾಯಿತು. ಕೊನೆಗೆ ಮೀಟರ್ ಕೋಣೆಯಿಂದ ಪಾರ್ಕಿಂಗ್ ಜಾಗದವರೆಗೆ ಪೈಪಿನೊಳಗೆ ತಂತಿ ಎಳೆದು, ಎಂಸಿಬಿ ಕೂರಿಸಿ, 15 ಆಂಪಿಯರ್ ಸಾಕೆಟ್ ಹಾಕಿದ್ದಾಯಿತು. ಅರ್ಥಿಂಗ್ ಸಡಿಲವಿದ್ದರೆ ಚಾರ್ಜರಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಹೊತ್ತಿ ಕರೆಂಟ್ ಹರಿಯುವುದೇ ಇಲ್ಲ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥ್ ಗುಂಡಿಗೆ ಒಂದೆರಡು ಕೊಡ ನೀರು ಸುರಿದರೆ ದೀಪ ಹಸಿರಾಗುತ್ತದೆ.

ಸಾರ್ವಜನಿಕ ವೇಗದ ಚಾರ್ಜಿಂಗ್ ಬೇರೆಯೇ ಲೋಕ. ಯೂನಿಟ್ಟಿಗೆ ಇಪ್ಪತ್ತು ರೂಪಾಯಿಯ ಆಸುಪಾಸು, ಮೇಲೆ ಶೇ. 18 ಜಿಎಸ್‌ಟಿ; ಕಿಲೋಮೀಟರಿಗೆ ನಾಲ್ಕು ರೂಪಾಯಿ ಬೀಳುತ್ತದೆ. ಪ್ರಯಾಣದಲ್ಲಿ ಸರಿ, ದಿನನಿತ್ಯ ಅದನ್ನೇ ನಂಬುವವರು ಈ ಕಾರನ್ನು ಕೊಳ್ಳದಿರುವುದೇ ಮೇಲು.

ಇನ್ನು ಬ್ಯಾಟರಿ. 30.2 ಕಿಲೋವ್ಯಾಟ್ ಅವರ್ ಸಾಮರ್ಥ್ಯಕ್ಕೆ ಪ್ರಮಾಣಪತ್ರದಲ್ಲಿರುವ ರೇಂಜ್ (ಒಮ್ಮೆ ಪೂರ್ತಿ ತುಂಬಿಸಿದರೆ ಓಡುವ ದೂರ) 312 ಕಿ.ಮೀ.; ಹೊಸದರಲ್ಲಿ ನನಗೆ ನಗರದಲ್ಲಿ 215ರ ಸುತ್ತಮುತ್ತ ಸಿಗುತ್ತಿತ್ತು, ಈಗ 195ರಷ್ಟು ಸಿಗುತ್ತದೆ. ವಯಸ್ಸಿನ ಇಷ್ಟು ಸವೆತ ಸಹಜವೆಂದೇ ನನ್ನ ಭಾವನೆ. ಇದರೊಳಗಿರುವುದು ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳು. ಅವುಗಳ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿರುವುದರಿಂದ ಎಷ್ಟು ಚಾರ್ಜ್ ಉಳಿದಿದೆಯೆಂದು ಕಾರಿಗೆ ನಿಖರವಾಗಿ ತಿಳಿಯಲು ಆಗಾಗ ನಿಧಾನವಾಗಿ ಪೂರ್ತಿ ತುಂಬಿಸಬೇಕು. ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ 2029ಕ್ಕೆ ಮುಗಿಯುತ್ತದೆ. ಬ್ಲೂಮ್‌ಬರ್ಗ್ ಎನ್‌ಇಎಫ್ ಸಂಶೋಧನಾ ಸಂಸ್ಥೆಯ ಸಮೀಕ್ಷೆಯ ಪ್ರಕಾರ 2024ರಲ್ಲಿ ಬ್ಯಾಟರಿ ಪ್ಯಾಕಿನ ಜಾಗತಿಕ ಸರಾಸರಿ ಬೆಲೆ ಕಿಲೋವ್ಯಾಟ್ ಅವರಿಗೆ 115 ಡಾಲರ್. ಆ ದರದಲ್ಲಿ ನನ್ನ ಪ್ಯಾಕಿಗೆ ಸುಮಾರು ಮೂರು ಲಕ್ಷ. ಬಿಡಿಭಾಗವಾಗಿ ಕೊಳ್ಳುವಾಗ ತೆರಿಗೆ, ಕೂಲಿ, ಲಾಭಾಂಶ ಸೇರಿ ಅದಕ್ಕಿಂತ ಹೆಚ್ಚಾಗುವುದು ಖಂಡಿತ. ಹಳೆಯ ಕಾರುಗಳ ವ್ಯಾಪಾರಿಗಳು ಈ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಲೆ ಹೇಳುತ್ತಾರೆ.

ಈ ಭಯಕ್ಕೆ ಮದ್ದೆಂದು ಬಂದದ್ದು ಬ್ಯಾಟರಿ ಬಾಡಿಗೆ. 2024ರಲ್ಲಿ ಎಂಜಿ ವಿಂಡ್ಸರ್ ಎಂಬ ವಿದ್ಯುತ್ ಕಾರು ಬಿಡುಗಡೆಯಾದಾಗ ಬ್ಯಾಟರಿ ಸಹಿತ ಬೆಲೆ 13.50 ಲಕ್ಷ, ಬಾಡಿಗೆಯಾದರೆ 9.99 ಲಕ್ಷ ಮತ್ತು ಕಿಲೋಮೀಟರಿಗೆ 3.50 ರೂಪಾಯಿ. ವ್ಯತ್ಯಾಸದ 3.51 ಲಕ್ಷವನ್ನು 3.50ರಿಂದ ಭಾಗಿಸಿದರೆ ಒಂದು ಲಕ್ಷ ಕಿಲೋಮೀಟರಿಗೆ ಬ್ಯಾಟರಿಯ ಬೆಲೆ ತೀರಿದಂತಾಗುತ್ತದೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ಬಾಡಿಗೆ ವರ್ಷಕ್ಕೆ 42,000. ಬ್ಯಾಟರಿಯ ಆ 3.51 ಲಕ್ಷವನ್ನು ಶೇ. 9ರ ಸಾಲದಲ್ಲಿ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 30,000 ಆಗುತ್ತಿತ್ತು, ಆದ್ದರಿಂದ ಕಡಿಮೆ ಓಡಿಸುವವರಿಗೆ ಬಾಡಿಗೆ ಮೇಲ್ನೋಟಕ್ಕೆ ಕಾಣುವಷ್ಟು ದುಬಾರಿಯಲ್ಲ. ಆದರೆ ಬ್ಯಾಟರಿ ಬಾಡಿಗೆಗೆ ಕೊಡುವ ಕೆಲವು ಹಣಕಾಸು ಸಂಸ್ಥೆಗಳು ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ. ಎಂದು ಗೊತ್ತುಮಾಡುತ್ತವೆ, ಆ ಷರತ್ತಿದ್ದರೆ ಕಾರು ನಿಂತಲ್ಲೇ ನಿಂತಿದ್ದರೂ ಕಂತು ತಪ್ಪದು. ನನ್ನಷ್ಟು ಓಡಿಸುವವರಿಗಂತೂ ಬಾಡಿಗೆ ಮತ್ತು ವಿದ್ಯುತ್ ಸೇರಿ ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿಯಾಗುತ್ತದೆ. ನೂರೆರಡು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ, ನಮ್ಮ ಟ್ರಾಫಿಕ್ಕಿನಲ್ಲಿ ಲೀಟರಿಗೆ ಹನ್ನೆರಡು ಕಿ.ಮೀ. ಕೊಡುವ ಕಾರಿನ ಎಂಟೂವರೆಗಿಂತ ಅದು ಕಡಿಮೆಯೇ, ಆದರೂ ಉಳಿತಾಯದ ಸುಮಾರು ಅರ್ಧಭಾಗ ಬಾಡಿಗೆಗೇ ಹೋಗುತ್ತದೆ. ನನ್ನ ಕಾರು ಈ ಐದು ವರ್ಷಗಳಲ್ಲಿ ಪೆಟ್ರೋಲಿನ ಲೆಕ್ಕದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಉಳಿಸಿರುವುದರಿಂದ, ವಾರಂಟಿ ಮುಗಿದ ಮೇಲೆ ಪ್ಯಾಕ್ ಕೈಕೊಟ್ಟರೂ ನನಗೆ ಆತಂಕವಿಲ್ಲ. ಹಾಗಾಗಿ 2029ರ ಮೊದಲು ಇದನ್ನು ಮಾರುವ ಯೋಚನೆಯೂ ಇಲ್ಲ.

ಬಳಸಿದ ಇವಿ ಕೊಳ್ಳುವವರಿಗೆ ಒಂದು ಮಾತು: ಓಡೋಮೀಟರ್ ನೋಡುವ ಮೊದಲು ಸರ್ವಿಸ್ ಕೇಂದ್ರದಿಂದ ಬ್ಯಾಟರಿಯ ಆರೋಗ್ಯದ ವರದಿ ತರಿಸಿ, ವಾರಂಟಿ ಎರಡನೆಯ ಮಾಲೀಕರಿಗೆ ಎಷ್ಟರಮಟ್ಟಿಗೆ ವರ್ಗಾವಣೆಯಾಗುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಕೆಲವು ಹೊಸ ಮಾದರಿಗಳ "ಜೀವಮಾನ ವಾರಂಟಿ" ಮೊದಲ ಮಾಲೀಕರಿಗೆ ಮಾತ್ರ ಅನ್ವಯಿಸುತ್ತದೆ.