ಬಳಸಿದ ವಾಸ್ಪ್ ಹಾಯಿದೋಣಿ: ಕನ್ನಂಬಾಡಿಯ ನೀರಿಗೆ ಇಳಿಸುವ ಮುನ್ನ

ಬಳಸಿದ ಹಾಯಿದೋಣಿಯನ್ನು ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಅದರ ಮೈಮೇಲೆ. ಬಣ್ಣ ಹೇಗಿದೆ, ಎಲ್ಲಿ ಗೀರಿದೆ, ಎಲ್ಲಿ ತೇಪೆ ಹಾಕಿದ್ದಾರೆ ಎಂಬುದರ ಮೇಲೆ. ಚೆನ್ನೈನ ಹವ್ಯಾಸಿಯೊಬ್ಬರಿಂದ ಕೊಂಡು ಮೈಸೂರಿಗೆ ತರಿಸಿದ ವಾಸ್ಪ್ ದೋಣಿಯನ್ನು ಒಂದು ಮಳೆಗಾಲ ಬಳಸಿದ ಮೇಲೆ ನಾನು ಹೇಳುವುದೇನೆಂದರೆ, ವೇಗ ಸಿಕ್ಕಾಗ ನೀರಿನಿಂದ ಮೇಲೆದ್ದು ಹಾರುವ ಇಂಥ ಫಾಯಿಲಿಂಗ್ ದೋಣಿಯಲ್ಲಿ ಬೆಲೆ ಕಟ್ಟಬೇಕಾದದ್ದು ನೀರಿನ ಮೇಲೆ ಕಾಣುವ ಭಾಗಕ್ಕಲ್ಲ, ನೀರಿನೊಳಗಿನ ಫಾಯಿಲ್ ಎಂಬ ರೆಕ್ಕೆಗಳಿಗೆ ಮತ್ತು ಅವನ್ನು ಆಡಿಸುವ ಕಡ್ಡಿ, ಕೀಲುಗಳಿಗೆ.

ವಾಸ್ಪ್ ಒಬ್ಬರೇ ಕುಳಿತು ನಡೆಸುವ, ಸುಮಾರು 3.35 ಮೀಟರ್ ಉದ್ದದ ದೋಣಿ. ಮಾತ್ ಎಂಬ, ಇದೇ ರೀತಿ ಒಬ್ಬರೇ ನಡೆಸುವ ಹಾರುವ ಪಂದ್ಯದೋಣಿಗಳ ವರ್ಗದಲ್ಲಿ ಮಾಕ್ 2 ದೋಣಿಯನ್ನು ರೂಪಿಸಿ ಹೆಸರಾದ ಆಸ್ಟ್ರೇಲಿಯಾದ ಆಂಡ್ರ್ಯೂ ಮೆಕ್‌ಡೂಗಲ್ ಇದರ ವಿನ್ಯಾಸಕಾರರು. ಇಂಗಾಲದ ನಾರಿನಿಂದ ಮಾಡಿದ ಮಾತ್ ದೋಣಿಗಳು ಇದಕ್ಕಿಂತ ಹಗುರ, ಆದರೆ ಬೆಲೆಯೂ ಹೆಚ್ಚು, ನಾಜೂಕೂ ಹೆಚ್ಚು. ವಾಸ್ಪ್‌ನಲ್ಲಿ ಫಾಯಿಲ್‌ಗಳ ಲಂಬ ಕಂಬಗಳನ್ನು ಅಲ್ಯೂಮಿನಿಯಂನಿಂದ ಮಾಡಿ ಖರ್ಚನ್ನು ತಗ್ಗಿಸಿದ್ದಾರೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾಗಿರುವುದರಿಂದ, ಕೈಯಳತೆಯ ಪುಟ್ಟ ರೆಕ್ಕೆಯೇ ಸಾಕಷ್ಟು ವೇಗ ಸಿಕ್ಕೊಡನೆ ದೋಣಿಯನ್ನೂ ಸವಾರನನ್ನೂ ನೀರಿನಿಂದ ಮೇಲಕ್ಕೆತ್ತುತ್ತದೆ. ಅದಕ್ಕೆ ಗಂಟೆಗೆ 15 ಕಿಲೋಮೀಟರ್ ಆಸುಪಾಸಿನ ಗಾಳಿಯಾದರೂ ಬೇಕು.

ಮೇಲೆದ್ದ ದೋಣಿ ಎಷ್ಟು ಎತ್ತರದಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ಮೂತಿಯಿಂದ ನೀರಿಗೆ ಇಳಿಬಿದ್ದಿರುವ ವಾಂಡ್ ಎಂಬ ಕಡ್ಡಿ. ಮನೆಯ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ನಲ್ಲಿಯನ್ನು ತೆರೆದು ಮುಚ್ಚುವ ಹಾಗೆಯೇ ಇದರ ಕೆಲಸ: ದೋಣಿ ತಗ್ಗಿದರೆ ನೀರು ಕಡ್ಡಿಯನ್ನು ಹಿಂದಕ್ಕೆ ತಳ್ಳುತ್ತದೆ, ಆ ಚಲನೆ ಸರಳುಗಳ ಮೂಲಕ ಕೆಳಗಿಳಿದು ಮುಖ್ಯ ಫಾಯಿಲ್‌ನ ಹಿಂಬದಿಯ ಮಡಚುಪಟ್ಟಿಯನ್ನು ಬಾಗಿಸುತ್ತದೆ, ಎತ್ತುವ ಬಲ ಹೆಚ್ಚುತ್ತದೆ; ದೋಣಿ ಅತಿಯಾಗಿ ಏರಿದರೆ ಕಡ್ಡಿ ಕೆಳಗೆ ಜೋತು ಪಟ್ಟಿಯನ್ನು ಮೇಲಕ್ಕೆ ಸರಿಸುತ್ತದೆ. ಈ ಸರಪಣಿಯಲ್ಲಿ ಎಲ್ಲಿಯೇ ಸಡಿಲವಿದ್ದರೂ ದೋಣಿ ಕುದುರೆಯಂತೆ ನೆಗೆದು ಬೀಳುತ್ತದೆ, ಮತ್ತು ಹಳೆಯ ದೋಣಿಗಳಲ್ಲಿ ಸಡಿಲ ಇದ್ದೇ ಇರುತ್ತದೆ. ಪರೀಕ್ಷೆಗೆ ನೀರು ಬೇಕಿಲ್ಲ. ದೋಣಿಯನ್ನು ಪಕ್ಕಕ್ಕೆ ಮಲಗಿಸಿ, ಒಬ್ಬರು ವಾಂಡನ್ನು ನಿಧಾನವಾಗಿ ಆಡಿಸುವಾಗ ಇನ್ನೊಬ್ಬರು ಪಟ್ಟಿಯ ಅಂಚಿಗೆ ಬೆರಳಿಟ್ಟು ನೋಡಬೇಕು. ಕಡ್ಡಿ ಅಲುಗಿದರೂ ಪಟ್ಟಿ ತಡವಾಗಿ ಸ್ಪಂದಿಸಿದರೆ ಯಾವ ಕೀಲು ಸವೆದಿದೆ ಎಂಬುದನ್ನು ಒಂದೊಂದಾಗಿ ಹಿಡಿದು ಪತ್ತೆಹಚ್ಚಿ. ಕೀಲುಗಳ ಸಣ್ಣಪುಟ್ಟ ಭಾಗಗಳನ್ನು ಬದಲಿಸಬಹುದು. ಪಟ್ಟಿಯ ಮಡಚುವ ಸಂದಿಯೇ ಬಿರುಕುಬಿಟ್ಟಿದ್ದರೆ ಆ ಫಾಯಿಲ್‌ಗೆ ಬೆಲೆಯೇ ಇಲ್ಲವೆಂದು ಲೆಕ್ಕ ಹಾಕಿಕೊಂಡು ಮಾತಾಡುವುದು ವಾಸಿ.

ಸಮುದ್ರದಲ್ಲಿ ಓಡಿದ ದೋಣಿಯಾದರೆ ಉಪ್ಪಿನ ವಿಚಾರವೊಂದಿದೆ. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ತುಕ್ಕುರಹಿತ ಉಕ್ಕಿನ ತಿರುಪಿಗೋ ಇಂಗಾಲದ ನಾರಿಗೋ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಫಾಯಿಲ್‌ನ ಕಂಬ ದೋಣಿಗೆ ಸೇರುವ ಜಾಗದಲ್ಲಿ, ತಿರುಪುಗಳ ಸುತ್ತ ಬಿಳಿಯ ಪುಡಿ ಕಂಡರೆ ತಿರುಪನ್ನು ಬಿಚ್ಚಿ ತೋರಿಸಲು ಹೇಳಿ. ಬಿಚ್ಚಲು ಬಾರದ ತಿರುಪು ಮಾರುವವರ ಯಾವ ಭರವಸೆಗಿಂತಲೂ ಹೆಚ್ಚು ಹೇಳುತ್ತದೆ. ದೋಣಿಯ ಮೈಗೆ ಬಂದರೆ, ನಾಣ್ಯದಿಂದ ತಟ್ಟುತ್ತ ಹೋದಾಗ ಸದ್ದು ಮಂಕಾದ ಕಡೆ ಪದರ ಬಿಟ್ಟಿರುವ ಸಂಭವವಿದೆ. ಕುಳಿತುಕೊಳ್ಳುವ ಬಲೆಬಟ್ಟೆ ಬಿಸಿಲಿಗೆ ಲಡ್ಡಾಗಿರುತ್ತದೆ, ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿ. ಹಾಯಿ ಹೊರುವ ಮಾಸ್ಟ್ ಕಂಬಕ್ಕೆ ತಂತಿಗಳ ಆಸರೆಯಿಲ್ಲದ ಕಾರಣ ಅದರ ಬುಡದ ಮೇಲೆಯೇ ಎಲ್ಲ ಭಾರ, ಆದ್ದರಿಂದ ಬುಡವನ್ನು ಹೊರತೆಗೆದು ನೋಡದೆ ಹಣ ಕೊಡಬೇಡಿ. ದೊಡ್ಡ ಹಾಯಿ 8.2 ಚದರ ಮೀಟರಿನದು. ಹಗುರ ಮೈಕಟ್ಟಿನವರಿಗೆ ಚಿಕ್ಕ ಹಾಯಿಯೂ ಜೊತೆಗೆ ಸಿಕ್ಕರೆ ಅದು ದೊಡ್ಡ ಲಾಭ.

ಮೈಸೂರು, ಮಂಡ್ಯದವರು ದೋಣಿಗಿಂತ ಮೊದಲು ನೀರನ್ನು ವಿಚಾರಿಸಬೇಕು. ಫಾಯಿಲ್ ಪೂರ್ತಿ ಇಳಿದಾಗ ದೋಣಿಯ ಕೆಳಗೆ ಒಂದು ಮೀಟರಿಗೂ ಹೆಚ್ಚು ಆಳ ಬೇಕು. ವಾಸ್ಪ್‌ನ ಫಾಯಿಲ್‌ಗಳನ್ನು ಮೇಲಕ್ಕೆತ್ತಿಕೊಂಡು ದಡದಿಂದ ಗಾಲಿಯ ಮೇಲೆ ಇಳಿಸಬಹುದಾದ್ದರಿಂದ, ದೋಣಿಯನ್ನು ಅಡ್ಡ ಹೊತ್ತು ಎದೆಮಟ್ಟದ ನೀರಿಗೆ ನಡೆಯಬೇಕಾದ ಮಾತ್‌ಗಿಂತ ಇದು ಹಿನ್ನೀರಿನ ಇಳಿಜಾರು ದಡಕ್ಕೆ ಸರಿಹೊಂದುತ್ತದೆ. ಆದರೆ ಬೇಸಿಗೆಯ ಹಿನ್ನೀರನ್ನು ನಂಬುವಂತಿಲ್ಲ. ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ, ಮಟ್ಟ ತೀರ ಇಳಿದ ವರ್ಷಗಳಲ್ಲಿ ಮುಳುಗಿದ್ದ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವೇ ಮೇಲೆ ಕಾಣುತ್ತಿತ್ತು ಎಂಬುದನ್ನು ಹಿರಿಯರು ಬಲ್ಲರು. ದೇವಾಲಯವನ್ನು ಹೊಸ ಕನ್ನಂಬಾಡಿಗೆ ಸ್ಥಳಾಂತರಿಸಿದ್ದಾರೆ, ಬಂಡೆಗಳನ್ನೂ ಮೋಟುಗಳನ್ನೂ ಯಾರೂ ಸ್ಥಳಾಂತರಿಸಿಲ್ಲ. ಆಷಾಢದಲ್ಲಿ ಗಾಳಿಪಟ ಹಾರಿಸುವ ಗಾಳಿ ಹಾಯಿಗೂ ಒಳ್ಳೆಯದೇ, ಆದರೆ ಆಗಿನ್ನೂ ಅಣೆಕಟ್ಟೆ ತುಂಬುತ್ತಿರುತ್ತದೆ. ಗಾಳಿ, ನೀರು ಎರಡೂ ಕೂಡಿಬರುವುದು ಮಳೆ ಚೆನ್ನಾಗಿ ಆದ ವರ್ಷದ ಶ್ರಾವಣದಲ್ಲಿ. ಜಲಾಶಯ ನೀರಾವರಿ ನಿಗಮದ ಸುಪರ್ದಿಯಲ್ಲಿರುವುದರಿಂದ ಅನುಮತಿಯ ಕೆಲಸವನ್ನು ದೋಣಿ ಕೊಳ್ಳುವ ಮೊದಲೇ ಮುಗಿಸಿಕೊಳ್ಳಬೇಕು. ಮೀನುಗಾರರ ಬಲೆ ಎಲ್ಲಿ ಬಿಟ್ಟಿದೆ ಎಂಬುದನ್ನು ಹರಿಗೋಲಿನವರನ್ನೇ ಕೇಳುವುದು ಒಳ್ಳೆಯದು. ಬಲೆಗೆ ಸಿಕ್ಕ ಫಾಯಿಲ್ ದೋಣಿಯನ್ನು ತಟ್ಟನೆ ನಿಲ್ಲಿಸುತ್ತದೆ, ಸವಾರ ನಿಲ್ಲುವುದಿಲ್ಲ, ಅತ್ತ ಅವರ ದುಡಿಮೆಯ ಬಲೆಯೂ ಹರಿಯುತ್ತದೆ.

ಸಾಧಾರಣ ಹಾಯಿದೋಣಿಯನ್ನು ನಡೆಸಿ ಅಭ್ಯಾಸವಿಲ್ಲದವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಹಾರುವಾಗ ದೋಣಿಯನ್ನು ಗಾಳಿ ಬರುವ ದಿಕ್ಕಿನ ಕಡೆಗೇ ವಾಲಿಸಿ ಹಿಡಿಯಬೇಕು, ಇದು ಮೊದಲು ಕಲಿತದ್ದಕ್ಕೆ ವಿರುದ್ಧ. ಹೆಲ್ಮೆಟ್, ಜೀವರಕ್ಷಕ ಜಾಕೆಟ್ ಮತ್ತು ದಡದಲ್ಲಿ ಸಿದ್ಧವಿರುವ ಮೋಟಾರು ದೋಣಿ ಇಲ್ಲದೆ ಇಳಿಯಲೇಬಾರದು. ಅಭ್ಯಾಸವುಳ್ಳವರಿಗೆ ಮಾತ್ರ, ಇಷ್ಟು ಚಿಕ್ಕ ದೋಣಿಯಲ್ಲಿ ಇಷ್ಟು ವೇಗವನ್ನು ಇಂಜಿನ್ನಿನ ಸದ್ದಿಲ್ಲದೆ ಕೊಡುವ ಬೇರೆ ಯಂತ್ರವನ್ನು ನಾನು ಕಂಡಿಲ್ಲ.

ಬಿಡಿಭಾಗಗಳು ವಿದೇಶದಿಂದ ಬರಬೇಕು, ಸಾಗಣೆಯ ಖರ್ಚಿನ ಜೊತೆಗೆ ಸುಂಕವೂ ಬೀಳುತ್ತದೆ. ಹಾಗಾಗಿ ಚೌಕಾಸಿಗೆ ಕೂತಾಗ ಕೊನೆಯ ಒಂದೆರಡು ಸಾವಿರಕ್ಕೆ ಹಟ ಹಿಡಿಯುವ ಬದಲು, ಮಾರುವವರ ಷೆಡ್ಡಿನಲ್ಲಿ ಬಿದ್ದಿರುವ ಹೆಚ್ಚುವರಿ ವಾಂಡ್, ಸರಳು, ಕೀಲುಗಳು, ಫಾಯಿಲ್ ಮುಚ್ಚುವ ಚೀಲಗಳು ಮತ್ತು ಗಾಲಿಯನ್ನು ಅದೇ ಬೆಲೆಗೆ ಸೇರಿಸಿಕೊಡುವಂತೆ ಕೇಳಿ.