ನಮ್ಮ ಮನೆಯವರನ್ನು ಯಾವ ಟೇಬಲ್ ಎಣಿಸಿದೆ? ವಲಸೆಯ ಅಂಕಿ-ಅಂಶ ಕೊಡುವ ತಾಣಗಳ ವಿಮರ್ಶೆ

ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಜೊತೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ ವಲಸೆ. ನಮ್ಮ ಎರಡು ಜಿಲ್ಲೆಗಳಿಗೆ ಯಾರು ಬಂದರು, ಇಲ್ಲಿಂದ ಯಾರು ಹೋದರು, ಯಾಕೆ ಹೋದರು ಅನ್ನುವುದು. ಎರಡು ವರ್ಷದಿಂದ ಅಂಕಿ-ಅಂಶ ಹುಡುಕುವುದೇ ಕೆಲಸವಾಗಿದೆ. ಯಾವ ತಾಣ ಉಪಯೋಗಕ್ಕೆ ಬಂತು, ಯಾವುದು ಎಲ್ಲಿ ಕೈಕೊಡುತ್ತದೆ ಅಂತ ಒಂದು ಕಡೆ ಬರೆದಿಡೋಣ ಅನ್ನಿಸಿತು.

ಶುರುವಿನಲ್ಲಿ ನಾನು ದುಡ್ಡು ಕಳೆದುಕೊಂಡೆ. ಥೀಸಿಸ್ ಟೈಪಿಂಗ್, ಬೈಂಡಿಂಗ್ ಮಾಡುವ ಒಂದು ಅಂಗಡಿಯವರು "ಡೇಟಾನೂ ತೆಗೆದುಕೊಡ್ತೀವಿ ಮೇಡಂ" ಅಂದರು. 3,500 ರೂಪಾಯಿ ಕೊಟ್ಟೆ. ನಲವತ್ತು ಪುಟದ ಪಿಡಿಎಫ್ ಬಂತು. ಯಾವ ಟೇಬಲ್, ಯಾವ ವರ್ಷದ್ದು ಅಂತ ಎಲ್ಲೂ ಬರೆದಿರಲಿಲ್ಲ. ನಮ್ಮ ಗೈಡ್ ಮೇಡಂ ಎರಡು ಹಾಳೆ ತಿರುವಿ, "ಇದೆಲ್ಲ ಎಲ್ಲಿಂದ ಬಂತಮ್ಮ?" ಅಂತ ಕೇಳಿದರು. ಸುಮ್ಮನೆ ನಿಂತೆ. ಆ ಹಾಳೆಗಳಲ್ಲಿ ಇದ್ದದ್ದೆಲ್ಲ ಜನಗಣತಿಯ ಜಾಲತಾಣದಲ್ಲಿ ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತದೆ, ಅದೂ ಎಕ್ಸೆಲ್ ಫೈಲಿನಲ್ಲಿ ಅಂತ ಗೊತ್ತಾದದ್ದು ಆಮೇಲೆ. ನಿಮಗೆ ಹಾಗಾಗದಿರಲಿ.

ಆಗಿನಿಂದ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಯಾವುದೇ ಅಂಕಿ-ಅಂಶ ತೆಗೆದರೂ ಮೊದಲು ನಮ್ಮ ಮನೆಯವರನ್ನು ಅದರಲ್ಲಿ ಹುಡುಕುತ್ತೇನೆ. ಅಮ್ಮನನ್ನು ಇದು ಎಣಿಸುತ್ತದಾ? ನನ್ನನ್ನು? ಮಾವನ ಮಕ್ಕಳನ್ನು? ಈ ಪರೀಕ್ಷೆಯಲ್ಲಿ ಎಲ್ಲದರ ಬಣ್ಣ ಗೊತ್ತಾಗಿಬಿಡುತ್ತದೆ.

ಮೊದಲು ಜನಗಣತಿ. ಹುಟ್ಟಿದ ಸ್ಥಳ ಯಾವುದು ಅನ್ನುವ ಪ್ರಶ್ನೆಯನ್ನು ನಮ್ಮಲ್ಲಿ 1881ರಿಂದ ಕೇಳುತ್ತಾ ಬಂದಿದ್ದಾರೆ. ಇದಕ್ಕೆ ಮೊದಲು ಎಲ್ಲಿದ್ದಿರಿ ಅನ್ನುವ ಪ್ರಶ್ನೆ 1971ರಲ್ಲಿ ಸೇರಿತು. ಯಾಕೆ ಬಂದಿರಿ ಅನ್ನುವುದು 1981ರಲ್ಲಿ. ವಲಸೆಯ ಟೇಬಲ್‌ಗಳೆಲ್ಲ 'ಡಿ' ಸರಣಿಯಲ್ಲಿವೆ. ಜಾಲತಾಣದಲ್ಲಿ ಟೇಬಲ್‌ಗಳ ಪುಟಕ್ಕೆ ಹೋಗಿ 2011 ಅಂತ ವರ್ಷ ಆರಿಸಿ, ಕರ್ನಾಟಕ ಆರಿಸಿ, ಡಿ ಸರಣಿ ನೋಡಿ. ಡಿ-1 ಹುಟ್ಟಿದ ಸ್ಥಳದ ಲೆಕ್ಕ. ಡಿ-3ರಲ್ಲಿ ಹಿಂದೆ ಎಲ್ಲಿದ್ದರು, ಬಂದು ಎಷ್ಟು ವರ್ಷ ಆಯಿತು, ಯಾಕೆ ಬಂದರು ಮೂರೂ ಇವೆ. ಕರ್ನಾಟಕದ ಕೋಡ್ 29. ಮಂಡ್ಯ 573, ಮೈಸೂರು 577. ಈ ಮೂರು ನಂಬರು ಬರೆದಿಟ್ಟುಕೊಳ್ಳಿ, ಪದೇ ಪದೇ ಬೇಕಾಗುತ್ತದೆ.

ಡಿ-3 ತೆರೆದ ದಿನ ನಾನು ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲೇ ಇದ್ದೆ. ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕಾರಣಗಳು ಸಾಲಾಗಿವೆ: ಕೆಲಸ, ವ್ಯಾಪಾರ, ಓದು, ಮದುವೆ, ಹುಟ್ಟಿದ ಮೇಲೆ ಬಂದವರು, ಮನೆಯವರ ಜೊತೆ ಬಂದವರು, ಇತರೆ. ಹೆಂಗಸರ ಕಡೆ ಮದುವೆಯ ಕಾಲಂನಲ್ಲಿ ಅಂಕಿ ಉಳಿದ ಕಾಲಂಗಳನ್ನೆಲ್ಲ ಮೀರಿಸಿ ನಿಂತಿತ್ತು. "ಅಮ್ಮ, ನೀವೂ ಇದರಲ್ಲಿ ಇದ್ದೀರಿ, ನೀವು ವಲಸಿಗರು" ಅಂದೆ. ಅಮ್ಮ ಕೈ ನಿಲ್ಲಿಸಿ, "ನಾನೆಲ್ಲಿಗೆ ವಲಸೆ ಹೋದೆ? ಮದ್ದೂರಿಂದ ಇಲ್ಲಿಗೆ ಮದುವೆ ಆಗಿ ಬಂದೆ, ಅಷ್ಟೇ ತಾನೆ" ಅಂದರು. ಅವರಿಗೆ ಅದು ಬೇಸರವೇ ಆಯಿತು. ವಲಸೆ ಅಂದರೆ ಊರಲ್ಲಿ ಅನ್ನ ಹುಟ್ಟದೆ ಹೋಗುವವರು ಅಂತ ನಮ್ಮ ಕಡೆ ಅರ್ಥ. ಜನಗಣತಿಗೆ ಹಾಗಲ್ಲ. ಊರು ಬದಲಾದರೆ ಸಾಕು.

ನಾನೂ ಆ ಲೆಕ್ಕದಲ್ಲಿದ್ದೇನೆ. ಚೊಚ್ಚಲ ಹೆರಿಗೆ ತವರಲ್ಲಿ ಅಲ್ವಾ? ನಾನು ಹುಟ್ಟಿದ್ದು ಮದ್ದೂರಿನ ಆಸ್ಪತ್ರೆಯಲ್ಲಿ. ಐದನೇ ತಿಂಗಳಿಗೆ ತೊಟ್ಟಿಲ ಸಮೇತ ಇಲ್ಲಿಗೆ ಕರೆತಂದರು. ಅಂದಿನಿಂದ ಇದೇ ಊರಲ್ಲಿದ್ದೇನೆ. ಆದರೂ ಡಿ-1ರ ಪ್ರಕಾರ ನಾನು ಬೇರೆ ಕಡೆ ಹುಟ್ಟಿದವಳು. ಡಿ-3ರಲ್ಲಿ 'ಹುಟ್ಟಿದ ಮೇಲೆ ಬಂದವರು' ಅನ್ನುವ ಕಾಲಂನಲ್ಲಿ ನನ್ನಂಥವರು ಇರುತ್ತಾರೆ. 2011ರಲ್ಲಿ ದೇಶದಲ್ಲಿ 45 ಕೋಟಿಗೂ ಹೆಚ್ಚು ವಲಸಿಗರು ಅಂತ ಓದಿ ಯಾರಾದರೂ ಬೆಚ್ಚಿಬಿದ್ದರೆ, ಅದರೊಳಗೆ ಅಮ್ಮನೂ ನಾನೂ ಇದ್ದೇವೆ ಅಂತ ಹೇಳುತ್ತೇನೆ. ಆ ಸಂಖ್ಯೆ ಸುಳ್ಳಲ್ಲ. ಆದರೆ ಮದುವೆ, ತವರಿನ ಹೆರಿಗೆ ಎರಡನ್ನೂ ಬೇರೆ ಮಾಡಿ ನೋಡದೆ ಅದನ್ನು ಬರೆಯಬಾರದು.

ಜನಗಣತಿಯ ದೊಡ್ಡ ಕೊರತೆ ನನಗೆ ತಟ್ಟಿದ್ದು ಇನ್ನೊಂದು ಕಡೆ. ಅದು ಬಂದವರನ್ನು ಎಣಿಸುತ್ತದೆ, ಹೋದವರನ್ನಲ್ಲ. ಮಂಡ್ಯ ಬಿಟ್ಟು ಬೆಂಗಳೂರಿಗೆ ಹೋದ ಹುಡುಗ ಬೆಂಗಳೂರಿನ ಸಾಲಿನಲ್ಲಿ 'ರಾಜ್ಯದ ಇತರ ಜಿಲ್ಲೆಗಳಿಂದ' ಅನ್ನುವ ಒಟ್ಟು ಲೆಕ್ಕದೊಳಗೆ ಸೇರಿಹೋಗುತ್ತಾನೆ. ಆ 'ಇತರ ಜಿಲ್ಲೆ' ಮಂಡ್ಯವೋ, ತುಮಕೂರೋ, ರಾಯಚೂರೋ ಟೇಬಲ್ ಹೇಳುವುದಿಲ್ಲ. ನನ್ನ ಪ್ರಬಂಧದ ಮುಖ್ಯ ಪ್ರಶ್ನೆಯೇ ಅದು. ಹದಿನೈದು ದಿನ ಹುಡುಕಿ ಕೈಬಿಟ್ಟೆ. ದಿನಾ ಬೆಳಗ್ಗೆ ಮಂಡ್ಯದಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರಂತೂ ವಲಸಿಗರೇ ಅಲ್ಲ. ಅಂಥವರ ಬಗ್ಗೆ ತಿಳಿಯಬೇಕಾದರೆ ಬಿ-28 ನೋಡಿ. ಮನೆಯಿಂದ ಕೆಲಸಕ್ಕೆ ಎಷ್ಟು ದೂರ, ಯಾವುದರಲ್ಲಿ ಹೋಗುತ್ತಾರೆ ಅಂತ 2011ರಲ್ಲಿ ಕೇಳಿದ್ದರು. ವಲಸೆಯ ಸರಣಿಯಲ್ಲಿ ಇಲ್ಲದ ಕಾರಣ ಜಾಸ್ತಿ ಜನ ಅದನ್ನು ನೋಡುವುದೇ ಇಲ್ಲ.

ಇನ್ನು ಕಾಲದ ಮಾತು. 2011ರ ಗಣತಿಯ ಡಿ-3 ಹೊರಬಂದದ್ದು 2019ರಲ್ಲಿ. ಮುಂದಿನ ಗಣತಿಗೆ 2027ರ ಮಾರ್ಚ್ 1 ಅಂತ ದಿನ ಗೊತ್ತು ಮಾಡಿದ್ದಾರೆ. ಅದರ ವಲಸೆ ಟೇಬಲ್ ಬರುವವರೆಗೆ ಕಾಯುವಂತಿಲ್ಲ. ಹಾಗಾಗಿ ಎರಡನೆಯದಕ್ಕೆ ಹೋಗಲೇಬೇಕು.

ಅದು ಕೇಂದ್ರ ಅಂಕಿ-ಅಂಶ ಸಚಿವಾಲಯದ ಮೈಕ್ರೋಡೇಟಾ ತಾಣ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೂಲ ದಾಖಲೆಗಳು, ಅಂದರೆ ಒಬ್ಬೊಬ್ಬ ವ್ಯಕ್ತಿಯ ಉತ್ತರ (ಹೆಸರು-ವಿಳಾಸ ತೆಗೆದದ್ದು) ಅಲ್ಲಿ ಸಿಗುತ್ತವೆ. ಹೆಸರು, ಇಮೇಲ್ ಕೊಟ್ಟು ನೋಂದಣಿ ಮಾಡಿಕೊಂಡು, ಯಾತಕ್ಕೆ ಬೇಕು ಅಂತ ಬರೆದರೆ ಉಚಿತ. ವಲಸೆಗೆ ಮುಖ್ಯವಾದವು ಎರಡು: 2007-08ರ 64ನೇ ಸುತ್ತು, ಮತ್ತು 2020-21ರ ಕಾರ್ಮಿಕ ಬಲ ಸಮೀಕ್ಷೆ. ಎರಡನೆಯದರ ಪ್ರಕಾರ ದೇಶದಲ್ಲಿ ನೂರಕ್ಕೆ 28.9 ಜನ ವಲಸಿಗರು. ಹೆಂಗಸರಲ್ಲಿ 47.9, ಗಂಡಸರಲ್ಲಿ 10.7. ಆ ಹೆಂಗಸರಲ್ಲಿ ನೂರಕ್ಕೆ 86.8 ಮಂದಿ ಬಂದದ್ದು ಮದುವೆಗಾಗಿ. ಇಲ್ಲೂ ಅಮ್ಮ ಸಿಕ್ಕರು.

ಜಿಪ್ ಫೈಲ್ ಬಿಚ್ಚಿದರೆ ಹೊಸಬರಿಗೆ ಎದೆ ಧಸಕ್ ಅನ್ನುತ್ತದೆ. ಎಕ್ಸೆಲ್ ಅಲ್ಲ, ಬರೀ ಟೆಕ್ಸ್ಟ್ ಫೈಲ್. ಅಲ್ಪವಿರಾಮ ಇಲ್ಲ, ತಲೆಬರಹ ಇಲ್ಲ, ಉದ್ದಕ್ಕೂ ಅಂಕಿ. ಒಂದು ಸಾಲು ಅಂದರೆ ಒಬ್ಬ ಮನುಷ್ಯ. ಎಷ್ಟನೇ ಅಂಕಿಯಿಂದ ಎಷ್ಟನೇ ಅಂಕಿವರೆಗೆ ವಯಸ್ಸು, ಎಲ್ಲಿಂದ ಎಲ್ಲಿಗೆ ರಾಜ್ಯ ಅಂತ ಲೇಔಟ್ ಅನ್ನುವ ಬೇರೆ ಫೈಲಿನಲ್ಲಿದೆ. ಅದನ್ನು ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಮೊದಲ ಸಾಲನ್ನು ಕೈಯಲ್ಲೇ ತುಂಡು ಮಾಡಿ ನೋಡಿದೆ. ಅಂಕಿಗಳ ನಡುವೆ ಗೀಟು ಎಳೆಯುತ್ತಾ ಹೋದ ಹಾಗೆ ಒಬ್ಬರ ವಯಸ್ಸು, ಓದು, ಊರು ಬಿಟ್ಟ ವರ್ಷ ಬಿಡಿಸಿಕೊಂಡು ಬಂತು. ಆ ಖುಷಿ ಈಗಲೂ ನೆನಪಿದೆ.

ಒಂದು ಎಚ್ಚರಿಕೆ. ಮಾದರಿಯಲ್ಲಿ ಸಿಕ್ಕ ಒಬ್ಬ ವ್ಯಕ್ತಿ ಎಷ್ಟು ಜನರ ಪರವಾಗಿ ನಿಂತಿದ್ದಾನೆ ಅಂತ ಹೇಳುವ ಗುಣಕ ಪ್ರತಿ ಸಾಲಿನಲ್ಲೂ ಇರುತ್ತದೆ. ಅದನ್ನು ಹಾಗೇ ಬಳಸುವಂತಿಲ್ಲ, 100ರಿಂದಲೋ 200ರಿಂದಲೋ ಭಾಗಿಸಬೇಕು. ಯಾವಾಗ ಯಾವುದು ಅಂತ ಜೊತೆಗಿರುವ ಓದು-ಫೈಲಿನಲ್ಲಿ ಬರೆದಿರುತ್ತಾರೆ. ನಾನು ಓದದೆ ಕೂಡಿಸಿದೆ. ಕರ್ನಾಟಕದ ಜನಸಂಖ್ಯೆ ನೂರಾರು ಕೋಟಿ ಬಂತು! ಅದಕ್ಕೇ ಹೇಳುವುದು, ವಲಸೆ ಲೆಕ್ಕ ಹಾಕುವ ಮೊದಲು ಒಟ್ಟು ಜನಸಂಖ್ಯೆ ಸರಿಯಾಗಿ ಬರುತ್ತದಾ ನೋಡಿಕೊಳ್ಳಿ. ಹಾಗೇ, ಇದರಿಂದ ರಾಜ್ಯದ ಮಾತು ಆಡಬಹುದು, ಮಂಡ್ಯ ಜಿಲ್ಲೆಯ ಮಾತು ಆಡಬಾರದು. ಒಂದು ಜಿಲ್ಲೆಗೆ ಸಿಗುವ ಮನೆಗಳು ತೀರಾ ಕಡಿಮೆ.

64ನೇ ಸುತ್ತು ಹಳೆಯದಾದರೂ ನನಗೆ ಅದೇ ಹೆಚ್ಚು ಇಷ್ಟ. ಸಾಮಾನ್ಯವಾಗಿ ಆರು ತಿಂಗಳು ಒಂದು ಕಡೆ ನಿಂತರೆ ಮಾತ್ರ ಅದು ವಾಸದ ಊರು ಅಂತ ಈ ಸಮೀಕ್ಷೆಗಳು ತಿಳಿಯುತ್ತವೆ. ನಮ್ಮ ಕಡೆ ಕಬ್ಬು ಕಡಿಯಲು ಬರುವವರು, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಲ್ಲುವವರು ಅಷ್ಟು ದಿನ ಇರುವುದಿಲ್ಲ. ಸೀಸನ್ ಮುಗಿದರೆ ಹೊರಟರು. 64ನೇ ಸುತ್ತಿನಲ್ಲಿ, ಒಂದು ತಿಂಗಳಿಂದ ಆರು ತಿಂಗಳೊಳಗೆ ಕೆಲಸಕ್ಕಾಗಿ ಹೊರಗೆ ಹೋಗಿದ್ದಿರಾ ಅಂತ ಬೇರೆಯಾಗಿ ಕೇಳಿದ್ದರು. ಮಂಡ್ಯದ ಹೊಲಗಳನ್ನು ನೋಡಿದವರಿಗೆ ಆ ಒಂದು ಪ್ರಶ್ನೆಯ ಬೆಲೆ ಗೊತ್ತು.

ಹೊರದೇಶಕ್ಕೆ ಹೋದವರ ಲೆಕ್ಕಕ್ಕೆ ಬರೋಣ. ಚಿಕ್ಕಪ್ಪನ ಮಗಳು, ನಮ್ಮ ಅಕ್ಕ, ಮೆಲ್ಬರ್ನ್‌ನಲ್ಲಿದ್ದಾಳೆ. ಅಕ್ಕ, ಭಾವ ಇಲ್ಲಿ ಹುಟ್ಟಿದವರು, ಮಗಳು ಅಲ್ಲಿ ಹುಟ್ಟಿದವಳು. ವಿಶ್ವಸಂಸ್ಥೆಯ ವಲಸಿಗರ ಎಕ್ಸೆಲ್ ಪುಸ್ತಕದಲ್ಲಿ ಯಾವ ದೇಶದಿಂದ ಯಾವ ದೇಶಕ್ಕೆ ಎಷ್ಟು ಜನ ಅಂತ ದೊಡ್ಡ ಪಟ್ಟಿ ಇದೆ. 2024ರಲ್ಲಿ ಜಗತ್ತಿನಲ್ಲಿ 30.4 ಕೋಟಿ ವಲಸಿಗರು, ಅದರಲ್ಲಿ ಭಾರತದಿಂದ ಹೋದವರು 1.85 ಕೋಟಿ. ನಮ್ಮ ವಿದೇಶಾಂಗ ಸಚಿವಾಲಯದ ಪ್ರಕಾರ ಹೊರಗಿರುವ ಭಾರತೀಯರು ಸುಮಾರು 3.54 ಕೋಟಿ. ಎರಡೂ ಸರಿಯೇ. ವಿಶ್ವಸಂಸ್ಥೆ ಹೆಚ್ಚಾಗಿ ಹುಟ್ಟಿದ ದೇಶ ನೋಡುತ್ತದೆ, ಅಕ್ಕನ ಮನೆಯಲ್ಲಿ ಇಬ್ಬರನ್ನು ಎಣಿಸುತ್ತದೆ. ಸಚಿವಾಲಯ ಭಾರತೀಯ ಮೂಲದವರನ್ನೂ ಸೇರಿಸುತ್ತದೆ, ಅದೇ ಮನೆಯಲ್ಲಿ ಮೂವರು. ಒಂದು ಅಧ್ಯಾಯದಲ್ಲಿ ಇದನ್ನೂ ಅದನ್ನೂ ಬೆರೆಸಿದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಕೊಲ್ಲಿ ದೇಶದ ಲೆಕ್ಕ ಇನ್ನೂ ವಿಚಿತ್ರ. ಸೋದರಮಾವನ ಇಬ್ಬರು ಮಕ್ಕಳು ಒಂದೇ ವರ್ಷ ಹೋದರು. ದೊಡ್ಡವನು ಹತ್ತನೇ ಕ್ಲಾಸ್ ಪಾಸಾಗಿಲ್ಲ, ಸೌದಿಗೆ ಹೋದ. ಚಿಕ್ಕವನು ಡಿಪ್ಲೊಮಾ, ದುಬೈಗೆ ಹೋದ. ಎಮಿಗ್ರೇಷನ್ ಕ್ಲಿಯರೆನ್ಸ್ ಲೆಕ್ಕದಲ್ಲಿ ದೊಡ್ಡವನು ಮಾತ್ರ ಇದ್ದಾನೆ. ಹತ್ತನೇ ಕ್ಲಾಸ್ ದಾಟದವರು 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಮಾತ್ರ ಆ ಅನುಮತಿ ಬೇಕು. 'ಕರ್ನಾಟಕದಿಂದ ಕೊಲ್ಲಿಗೆ ಇಷ್ಟು ಜನ' ಅಂತ ಆ ಸಂಖ್ಯೆ ಇಟ್ಟು ಬರೆದರೆ ಚಿಕ್ಕವನಂಥವರೆಲ್ಲ ಬಿಟ್ಟುಹೋಗುತ್ತಾರೆ. ಸಂಸತ್ತಿನ ಪ್ರಶ್ನೋತ್ತರಗಳು ಇಂಥ ಕಡೆ ತುಂಬಾ ಸಹಾಯ ಮಾಡುತ್ತವೆ. 2023ರಲ್ಲಿ ಭಾರತದ ಪೌರತ್ವ ಬಿಟ್ಟವರು 2,16,219 ಅನ್ನುವುದು ನನಗೆ ಸಿಕ್ಕಿದ್ದು ಅಂಥ ಒಂದು ಉತ್ತರದಲ್ಲೇ.

ಆಸ್ಟ್ರೇಲಿಯಾದ ಟೇಬಲ್‌ಬಿಲ್ಡರ್, ಅಂದರೆ ಆ ದೇಶದ ಜನಗಣತಿಯಿಂದ ನಮಗೆ ಬೇಕಾದ ಟೇಬಲ್ ನಾವೇ ಮಾಡಿಕೊಳ್ಳುವ ತಾಣದ ಬಗ್ಗೆ ಎರಡು ಮಾತು. ಮನೆಯಲ್ಲಿ ಆಡುವ ಭಾಷೆ ಅನ್ನುವ ಪಟ್ಟಿಯಲ್ಲಿ ಕನ್ನಡ ಬೇರೆಯಾಗಿಯೇ ಇದೆ. ಅದನ್ನು ನೋಡಿ ನನಗೆ ಕಣ್ಣು ತುಂಬಿತು. ಇಲ್ಲಿ ಅಕ್ಕನ ಮಗಳೂ ಸೇರುತ್ತಾಳೆ, ಮನೆಯಲ್ಲಿ ಅವಳು ಆಡುವುದು ಕನ್ನಡವೇ. ಯಾರ ಗುರುತೂ ಸಿಗದಿರಲಿ ಅಂತ ಸಣ್ಣ ಅಂಕಿಗಳನ್ನು ಅವರು ಸ್ವಲ್ಪ ಆಚೀಚೆ ಮಾಡಿರುತ್ತಾರೆ, ಹಾಗಾಗಿ ಒಂದೆರಡು ಜನರ ವ್ಯತ್ಯಾಸಕ್ಕೆ ಅರ್ಥ ಹುಡುಕಬೇಡಿ.

ನಮ್ಮ ಮೈಸೂರು ಜಿಲ್ಲೆಗೇ ಹೊರದೇಶದಿಂದ ಬಂದವರನ್ನು ಮರೆಯಬಾರದು. ಬೈಲುಕುಪ್ಪೆಗೆ 1960ರ ದಶಕದ ಶುರುವಿನಿಂದ ಟಿಬೆಟಿಯನ್ನರು ಬಂದು ನೆಲೆಸಿದರು. ಹುಟ್ಟಿದ ದೇಶ ಹಿಡಿದು ಹುಡುಕಿದರೆ ಬೈಲುಕುಪ್ಪೆಯಲ್ಲೇ ಹುಟ್ಟಿದ ಮಕ್ಕಳು, ಮೊಮ್ಮಕ್ಕಳು ಸಿಗುವುದಿಲ್ಲ. ನಾನು ಸಿ-16, ಅಂದರೆ ಮಾತೃಭಾಷೆಯ ಟೇಬಲ್‌ನಲ್ಲಿ ಟಿಬೆಟನ್ ಸಾಲು ನೋಡಿದೆ. ಅದು ಹೆಚ್ಚು ಹತ್ತಿರದ ಲೆಕ್ಕ.

ಅಂಕ ಕೊಡುವುದಾದರೆ ಜನಗಣತಿಗೆ ಐದಕ್ಕೆ ನಾಲ್ಕು. ಮೈಕ್ರೋಡೇಟಾ ತಾಣಕ್ಕೂ ನಾಲ್ಕು, ಆದರೆ ಒಂದು ವಾರ ಕೂತು ಕಲಿಯುವ ತಾಳ್ಮೆ ಇದ್ದವರಿಗೆ. ವಿಶ್ವಸಂಸ್ಥೆಯ ಪುಸ್ತಕಕ್ಕೆ ಮೂರೂವರೆ, ಅದರಲ್ಲಿ ದೇಶಕ್ಕಿಂತ ಕೆಳಗೆ ಇಳಿಯಲು ಆಗುವುದಿಲ್ಲ.

ಮಂಡ್ಯ ಬಿಟ್ಟು ಬೆಂಗಳೂರಿಗೆ ಹೋದವರ ಲೆಕ್ಕ ಇವು ಯಾವುದರಲ್ಲೂ ನನಗೆ ಸಿಗಲಿಲ್ಲ. ಅದಕ್ಕೆ 64ನೇ ಸುತ್ತಿನ ಪ್ರಶ್ನೆಗಳನ್ನೇ ಕನ್ನಡಕ್ಕೆ ತಂದು, ಎರಡು ಹಾಳೆಯ ಪ್ರಶ್ನಾವಳಿ ಮಾಡಿ ಇನ್ನೂರು ಪ್ರತಿ ಜೆರಾಕ್ಸ್ ಮಾಡಿಸಿದ್ದೇನೆ. ಭಾನುವಾರದಿಂದ ನಮ್ಮೂರ ಮೇಲಿನ ಬೀದಿಯಿಂದ ಶುರು. ಯಾರ ಮನೆ ಹುಡುಗ ಎಲ್ಲಿದ್ದಾನೆ ಅಂತ ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಜೊತೆಗೆ ಬರುತ್ತೇನೆ ಅಂದಿದ್ದಾರೆ.