ಮರ ಬಿಟ್ಟು ನೆಲ ನೋಡಲು ಕಲಿಸಿದ ತರಗತಿ

ಕತ್ತೆತ್ತಿ ಮರ ನೋಡುತ್ತಾ ನಿಂತಿದ್ದ ನಮಗೆ ಮೇಷ್ಟ್ರು ಮೊದಲು ಹೇಳಿದ್ದೇ "ಮಂಡಿಯೂರಿ ಕೂತ್ಕೊಳ್ಳಿ" ಅಂತ. ಕೆನಡಾದ ವ್ಯಾಂಕೂವರ್‌ನ ಪೆಸಿಫಿಕ್ ಸ್ಪಿರಿಟ್ ಪಾರ್ಕ್‌ನಲ್ಲಿ ಒಂದು ದಿನದ ತರಗತಿ ಇದು. ಕರಾವಳಿಯ ಕೋನಿಫರ್ (ಸೂಜಿ ಎಲೆಯ ಮರಗಳ) ಕಾಡನ್ನು ಸಸ್ಯ ಸಮುದಾಯಗಳಾಗಿ, ಅಂದರೆ ಒಟ್ಟಿಗೆ ಬೆಳೆಯುವ ಗಿಡಗಳ ಗುಂಪುಗಳಾಗಿ ವಿಂಗಡಿಸೋದು ಹೇಗೆ ಅಂತ ಹೇಳಿಕೊಡುತ್ತಾರೆ. ನನಗೆ ತುಂಬಾ ಇಷ್ಟವಾಯಿತು.

ನಾವು ಕೂತ ಜಾಗದಲ್ಲಿ ಮೇಲೆಲ್ಲಾ ಡಗ್ಲಾಸ್ ಫರ್ ಮರಗಳು. ಅದರ ಕಾಯಿ ಕೈಗೆ ಕೊಟ್ಟರು, ಒಂದೊಂದು ಪೊರೆಯ ಸಂದಿಯಿಂದಲೂ ಇಲಿಯ ಬಾಲ, ಹಿಂಗಾಲು ಇಣುಕಿದ ಹಾಗೆ ಕಾಣುತ್ತದೆ. ಆದರೆ ಕೆಳಗೆ ನೆರಳಲ್ಲಿ ಅದರ ಒಂದು ಸಸಿಯೂ ಇಲ್ಲ. ಬಿದ್ದ ಮರದ ದಿಮ್ಮಿಯ ಮೇಲೆ, ಪಾಚಿಯ ನಡುವೆ, ಸಾಲಾಗಿ ಎದ್ದಿದ್ದವೆಲ್ಲ ಹೆಮ್‌ಲಾಕ್ ಅನ್ನೋ ಇನ್ನೊಂದು ಕೋನಿಫರ್ ಮರದ ಸಸಿಗಳೇ. ನೆರಳನ್ನು ತಾಳಿಕೊಂಡು ಬೆಳೆಯುವ ಗಿಡ ಅದು, ಹಾಗಾಗಿ ಕಾಡನ್ನು ಅದರ ಪಾಡಿಗೆ ಬಿಟ್ಟರೆ ಮುಂದೆ ಈ ಕಾಡು ಅದರದ್ದೇ. ಆದ್ದರಿಂದಲೇ ಇಂಥ ಕಾಡು ಇರುವ ಈ ವಲಯಕ್ಕೆ ಹೆಮ್‌ಲಾಕ್ ಹೆಸರು, ಕೋಸ್ಟಲ್ ವೆಸ್ಟರ್ನ್ ಹೆಮ್‌ಲಾಕ್ ಅಂತ. ಚೆಕೊಸ್ಲೊವಾಕಿಯಾದಿಂದ ಬಂದು 1949ರಲ್ಲಿ ಇಲ್ಲಿನ ಯುಬಿಸಿ (ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ) ಸೇರಿದ ಸಸ್ಯವಿಜ್ಞಾನಿ ವ್ಲಾದಿಮಿರ್ ಕ್ರಾಯಿನಾ ಶುರು ಮಾಡಿದ ವಿಂಗಡಣೆ ಪದ್ಧತಿ ಇದು. ಈಗ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಒಟ್ಟು 16 ವಲಯ.

ಆಮೇಲೆ ಹಗ್ಗ ಹಿಡಿದು 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ ಹಾಕಿದೆವು. ಯಾವ ಗಿಡ ಎಷ್ಟು ಶೇಕಡಾ ನೆಲ ಮುಚ್ಚಿದೆ ಅಂತ ಬರೆಯಬೇಕು. ಸಲಾಲ್ ಪೊದೆಗೆ ನಾನು 60 ಅಂದೆ, ಪಕ್ಕದವರು 35 ಅಂದರು. ಆಗ ಮೇಷ್ಟ್ರು ಎರಡು ಮೀಟರ್ ಉದ್ದಗಲದ ಒಂದು ಟಾರ್ಪಾಲು ಹಾಸಿ "ಇದು ಸರಿಯಾಗಿ ಶೇಕಡಾ 1" ಅಂದರು. ಅದಾದ ಮೇಲೆ ಎಲ್ಲರ ಲೆಕ್ಕ ಹತ್ತಿರ ಹತ್ತಿರ ಬಂತು. ಇಷ್ಟು ಸರಳವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಯಾವ ಗಿಡ ಎಷ್ಟಿದೆ ಅನ್ನೋದು ನೆಲದ ಗುಣ ಹೇಳುತ್ತದೆ. ಸಲಾಲ್ ದಟ್ಟವಾಗಿದ್ದರೆ ಸಾಮಾನ್ಯವಾಗಿ ಒಣ, ಸಾರ ಕಡಿಮೆ ಇರುವ ನೆಲ. ಕತ್ತಿಯ ಹಾಗೆ ಎಲೆ ಚಾಚಿದ ಸ್ವೋರ್ಡ್ ಫರ್ನ್ ಜಾಸ್ತಿ ಇದ್ದರೆ ಸಾರ ಇದೆ. ಸ್ಕಂಕ್ ಕ್ಯಾಬೇಜ್ ಅನ್ನೋ ಗಿಡ ಕಂಡರೆ ನೀರು ನಿಲ್ಲುವ ಜಾಗ. ನಮ್ಮ ಮಲೆನಾಡಲ್ಲೂ ಮುಂಡಿಗೆ ಪೊದೆ ಕಂಡ ಕಡೆ ಹಳ್ಳ ಇರುತ್ತದೆ ಅಲ್ವಾ, ಅದೇ ಕಣ್ಣು ಇದು. ಅದನ್ನು ಕ್ರಮವಾಗಿ ಬರೆದಿಡುತ್ತಾರೆ ಅಷ್ಟೆ. ಗಿಡ ಹೇಳಿದ್ದನ್ನು ಖಚಿತ ಮಾಡಿಕೊಳ್ಳಲು ಗುದ್ದಲಿಯಿಂದ ಗುಂಡಿ ತೋಡಿ, ಒದ್ದೆ ಮಣ್ಣನ್ನು ಬೆರಳ ಮಧ್ಯೆ ಉಜ್ಜಿ, ಮರಳೋ ಜೇಡಿಯೋ ಅಂತ ನೋಡಿದೆವು.

ಬೇಜಾರಾಗಿದ್ದು ಒಂದೇ ವಿಷಯ. ಅವರು ಕೊಟ್ಟ, ಗಿಡ ಗುರುತಿಸುವ ಹಾಳೆ ಮಾಮೂಲಿ ಕಾಗದ. ಇಡೀ ಕಲಿಕೆ ಮಳೆಕಾಡಿನಲ್ಲಿ, ಮಧ್ಯಾಹ್ನದ ಹೊತ್ತಿಗೆ ನನ್ನ ಹಾಳೆಯ ಶಾಯಿ ಕದಡಿ ಪಾಚಿಗಳ ಹೆಸರೇ ಓದಲಾಗಲಿಲ್ಲ. ಪಾಚಿ ಗುರುತಿಸೋದೇ ಇದರಲ್ಲಿ ಕಷ್ಟದ ಕೆಲಸ, ಅದಕ್ಕೆ ಇನ್ನೂ ಒಂದು ಗಂಟೆ ಕೊಡಬೇಕಿತ್ತು. ಹೇಳಿದ್ದೇನೆ, ಪ್ಲಾಸ್ಟಿಕ್ ಹಾಕಿಸುತ್ತೇವೆ ಅಂದಿದ್ದಾರೆ.

ಹೋಗುವವರು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೆನ್ಸ್ ತಗೊಂಡು ಹೋಗಿ. ಸಾಧ್ಯವಾದರೆ ಏಪ್ರಿಲ್ ಬ್ಯಾಚ್‌ಗೇ ಸೇರಿ, ಆಗ ಸ್ಕಂಕ್ ಕ್ಯಾಬೇಜ್ ಹಳದಿಯಾಗಿ ಹೂ ಬಿಟ್ಟು ತೇವದ ಜಾಗ ದೂರದಿಂದಲೇ ಕಾಣುತ್ತದೆ.